ಡಿಸ್ಪೋಸಲ್ ಜೀಪಿನ ಹಿಂದಿನ ಹೆಸರುಗಳು

ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ, ಹಳೆಯ ಪಲ್ಪರ್ ಮನೆಯ ಹಿಂದೆ ತಗಡಿನ ಚಪ್ಪರದ ಕೆಳಗೆ ಬಿದ್ದಿದ್ದ ಜೀಪೊಂದನ್ನು ನಾವು ನಾಲ್ವರು ಸೇರಿ ಬೆಂಗಳೂರಿಗೆ ತಂದಿದ್ದೆವು. ಲಾರಿಯಿಂದ ಇಳಿಸುವಾಗ ಅದರ ಒಂದು ಚಕ್ರ ಕಳಚಿ ಚರಂಡಿಯ ತನಕ ಉರುಳಿಹೋಯಿತು. ನೋಡಲು ನಿಂತಿದ್ದ ಹುಡುಗರು ನಕ್ಕರು. ನಮಗೂ ನಗು ಬಂತು. ತೋಟದ ಮಾಲೀಕರಾದ ಗೌಡರು ನಮ್ಮ ನಾಲ್ವರಲ್ಲಿ ಒಬ್ಬರು. ಅವರ ತಂದೆಯ ಕಾಲದಿಂದಲೂ ಅದನ್ನು ಊರೆಲ್ಲ ಕರೆಯುತ್ತಿದ್ದುದು ‘ವಿಲ್ಲೀಸ್’ ಎಂದೇ. ಆರ್.ಸಿ. ಪುಸ್ತಕದಲ್ಲೂ ಅದೇ ಹೆಸರು.

ಶಿವಾಜಿನಗರದ ಗ್ಯಾರೇಜಿನಲ್ಲಿ ಉಸ್ತಾದರು ಚಾಸಿಸ್ಸಿನ ಒಂದು ಬೋಲ್ಟನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. ಬೋಲ್ಟಿನ ತಲೆಯ ಮೇಲೆ ಬಾಲ ಸುತ್ತಿದಂತಹ ಒಂದು ಇಂಗ್ಲಿಷ್ ‘ಎಫ್’ ಅಕ್ಷರ ಇತ್ತು.

“ಮೇಷ್ಟ್ರೇ, ಇದು ವಿಲ್ಲೀಸ್ ಅಲ್ಲ, ಫೋರ್ಡು. ಎಪ್ಪತ್ತು ವರ್ಷ ಬೇರೆಯವರ ಹೆಸರಲ್ಲಿ ಓಡಿದೆ” ಎಂದರು.

ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ ಯಂತ್ರಗಳ ಜ್ಞಾನ ಅಷ್ಟಕ್ಕಷ್ಟೇ. ಆದರೆ ಆ ಒಂದು ಅಕ್ಷರ ನನ್ನನ್ನು ಈ ಹವ್ಯಾಸದೊಳಗೆ ಎಳೆದುಹಾಕಿತು. ಹಳೆಯ ಸೈನಿಕ ವಾಹನಗಳನ್ನು ಕೊಂಡು, ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸಿ ಓಡಿಸುವವರು ಜಗತ್ತಿನ ಎಲ್ಲೆಡೆ ಇದ್ದಾರೆ. ಅಮೆರಿಕದಲ್ಲಿ ಇವರದೇ ಆದ ಸಂಘ 1976ರಲ್ಲಿ ಹುಟ್ಟಿತು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಬೆಲ್ಟ್‌ರಿಂಗ್ ಎಂಬಲ್ಲಿ ವರ್ಷಗಟ್ಟಲೆ ಇಂತಹ ವಾಹನಗಳ ದೊಡ್ಡ ಜಾತ್ರೆಯೇ ನಡೆಯುತ್ತಿತ್ತು. ಯುದ್ಧದ ವಾಹನವನ್ನು ಪ್ರೀತಿಸುವುದೆಂದರೆ ಯುದ್ಧವನ್ನು ಪ್ರೀತಿಸಿದಂತೆ ಅಲ್ಲವೇ ಎಂದು ನನ್ನ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಹವ್ಯಾಸಿಗಳಲ್ಲಿ ಅಂತಹವರೂ ಇದ್ದಾರೆ, ಮೈಗೆ ಹಳೆಯ ಸಮವಸ್ತ್ರ ತೊಟ್ಟು ಫೋಟೊ ತೆಗೆಸಿಕೊಳ್ಳುವುದರಲ್ಲೇ ಅವರಿಗೆ ತೃಪ್ತಿ. ಆದರೆ ಗ್ಯಾರೇಜಿನ ನೆಲದ ಮೇಲೆ ಮಲಗಿ ತುಕ್ಕು ಕೆರೆಯುವವರ ಸಂಗತಿ ಬೇರೆ. ಅವರಿಗೆ ದಿನವೂ ಎದುರಾಗುವ ಪ್ರಶ್ನೆ ಒಂದೇ: ಇದರಲ್ಲಿ ಅಸಲು ಯಾವುದು, ಆಮೇಲೆ ಸೇರಿದ್ದು ಯಾವುದು?

ಆ ಪ್ರಶ್ನೆಯನ್ನು ಹಿಡಿದು ಹೊರಟರೆ ಜೀಪಿನ ಹುಟ್ಟಿನಲ್ಲೇ ತೊಡಕು ಎದುರಾಗುತ್ತದೆ.

1940ರ ಬೇಸಿಗೆಯಲ್ಲಿ, ಫ್ರಾನ್ಸ್ ಜರ್ಮನಿಗೆ ಶರಣಾದ ದಿನಗಳಲ್ಲಿ, ಅಮೆರಿಕದ ಸೇನೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಹಗುರವಾದ ಒಂದು ಸಣ್ಣ ವಾಹನ ಬೇಕೆಂದು 135 ಕಂಪೆನಿಗಳಿಗೆ ಪತ್ರ ಬರೆಯಿತು. ಮಾದರಿ ವಾಹನವನ್ನು 49 ದಿನಗಳೊಳಗೆ ತಂದು ನಿಲ್ಲಿಸಬೇಕು, ಅದರ ತೂಕ 1,300 ಪೌಂಡ್ ಮೀರಬಾರದು ಎಂಬುದು ಷರತ್ತು. ದೊಡ್ಡ ಕಂಪೆನಿಗಳು ಇದನ್ನು ಹುಚ್ಚುತನವೆಂದು ಬದಿಗಿಟ್ಟವು. ಉತ್ತರಿಸಿದ್ದು ಎರಡೇ. ಒಂದು ಟೊಲೆಡೊ ನಗರದ ವಿಲ್ಲೀಸ್-ಓವರ್‌ಲ್ಯಾಂಡ್, ಇನ್ನೊಂದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಸಣ್ಣ ಊರಿನ ಬ್ಯಾಂಟಮ್. ವಿಲ್ಲೀಸ್ ಹೆಚ್ಚು ಕಾಲಾವಕಾಶ ಕೇಳಿತು. ಗಡುವನ್ನು ಒಪ್ಪಿದ್ದು ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್.

ಬ್ಯಾಂಟಮ್‌ನವರ ಬಳಿ ನಕ್ಷೆ ತಯಾರಿಸುವ ಎಂಜಿನಿಯರ್ ಸಹ ಇರಲಿಲ್ಲ. ಡೆಟ್ರಾಯಿಟ್‌ನಿಂದ ಕಾರ್ಲ್ ಪ್ರಾಬ್ಸ್ಟ್ ಎಂಬ ಸ್ವತಂತ್ರ ಎಂಜಿನಿಯರನ್ನು ಕರೆಸಿದರು. ಆತ ಕೆಲವೇ ದಿನಗಳಲ್ಲಿ ನಕ್ಷೆ ಮುಗಿಸಿದ. 1940ರ ಸೆಪ್ಟೆಂಬರ್ 23ರಂದು, ಗಡುವು ಮುಗಿಯಲು ಅರ್ಧ ಗಂಟೆ ಬಾಕಿ ಇರುವಾಗ, ಆತ ಮತ್ತು ಕಾರ್ಖಾನೆಯ ಹೆರಾಲ್ಡ್ ಕ್ರಿಸ್ಟ್ ಆ ಮಾದರಿಯನ್ನು ತಾವೇ ಓಡಿಸಿಕೊಂಡು ಮೇರಿಲ್ಯಾಂಡಿನ ಹೋಲಬರ್ಡ್ ಸೇನಾ ಶಿಬಿರದೊಳಕ್ಕೆ ತಂದರು. ತೂಕ ನಿಗದಿಗಿಂತ ಹೆಚ್ಚಿತ್ತು. ಆದರೆ ಅದು ಹತ್ತದ ಗುಡ್ಡವಿರಲಿಲ್ಲ.

ಮುಂದೆ ನಡೆದದ್ದು ಬಲ್ಲವರಿಗೆ ಮಾತ್ರ ಗೊತ್ತಿರುವ ಕತೆ. ಬ್ಯಾಂಟಮ್ ಸಣ್ಣ ಕಂಪೆನಿ, ಲಕ್ಷಗಟ್ಟಲೆ ವಾಹನ ತಯಾರಿಸಲು ಇದರಿಂದಾಗದು ಎಂಬುದು ಸೇನೆಯ ಅಳುಕು. ಆದ್ದರಿಂದ ಬ್ಯಾಂಟಮ್‌ನ ನಕ್ಷೆಗಳನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳ ಕೈಗೆ ಕೊಡಲಾಯಿತು. ವಿಲ್ಲೀಸ್ ಬಳಿ ಬಾರ್ನಿ ರೂಸ್ ಎಂಬ ಎಂಜಿನಿಯರ್ ತಿದ್ದಿ ತೀಡಿದ ‘ಗೋ-ಡೆವಿಲ್’ ಎಂಜಿನ್ ಇತ್ತು. 60 ಅಶ್ವಶಕ್ತಿ. ಬ್ಯಾಂಟಮ್‌ನದು 45. ಗುತ್ತಿಗೆ ವಿಲ್ಲೀಸ್‌ಗೆ ಹೋಯಿತು, ಅದರ ಜೊತೆಗೆ ಫೋರ್ಡ್ ಕೂಡ ಅದೇ ನಕ್ಷೆಯ ಮೇಲೆ ತಯಾರಿಸತೊಡಗಿತು. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲೀಸ್ ಸುಮಾರು 3,60,000, ಫೋರ್ಡ್ ಸುಮಾರು 2,80,000 ಜೀಪುಗಳನ್ನು ತಯಾರಿಸಿದ್ದವು. ಬ್ಯಾಂಟಮ್ ತಯಾರಿಸಿದ್ದು ಮೂರು ಸಾವಿರಕ್ಕಿಂತಲೂ ಕಡಿಮೆ. ಉಳಿದ ಯುದ್ಧಕಾಲವನ್ನು ಅದು ಜೀಪಿನ ಹಿಂದೆ ಕಟ್ಟುವ ಟ್ರೇಲರ್‌ಗಳನ್ನು ಮಾಡುತ್ತಾ ಕಳೆಯಿತು.

ಜೀಪು ತನ್ನದೇ ಸೃಷ್ಟಿ ಎಂದು ವಿಲ್ಲೀಸ್ ಜಾಹೀರಾತು ನೀಡಿದಾಗ ಅಮೆರಿಕದ ವಾಣಿಜ್ಯ ಆಯೋಗ ತಕರಾರು ತೆಗೆಯಿತು. ಸೇನೆಯ ಅಧಿಕಾರಿಗಳೊಡನೆ ಸೇರಿ ಜೀಪಿನ ಕಲ್ಪನೆಗೆ ರೂಪ ಕೊಟ್ಟದ್ದು ಬ್ಯಾಂಟಮ್ ಎಂದು 1948ರಲ್ಲಿ ಅದು ತೀರ್ಪಿತ್ತಿತು. ಅಷ್ಟರಲ್ಲಿ ಜಗತ್ತಿನ ಬಾಯಲ್ಲಿ ವಿಲ್ಲೀಸ್ ಹೆಸರೇ ನಿಂತಾಗಿತ್ತು. ತೀರ್ಪು ಗ್ರಂಥಾಲಯದಲ್ಲಿ ಉಳಿಯಿತು.

ಫೋರ್ಡ್‌ನವರು ಮಾತ್ರ ತಮ್ಮ ಗುರುತನ್ನು ಬಿಟ್ಟುಕೊಡಲಿಲ್ಲ. ನಕ್ಷೆ ಬೇರೆಯವರದಾದರೂ ಸಾಧ್ಯವಿದ್ದಲ್ಲೆಲ್ಲ ಬೋಲ್ಟಿನ ತಲೆಯ ಮೇಲೂ, ಬ್ರಾಕೆಟ್ಟಿನ ಮೂಲೆಯಲ್ಲೂ ‘ಎಫ್’ ಒತ್ತಿದರು. ಚಾಸಿಸ್ಸಿನ ಮುಂದಿನ ಅಡ್ಡಪಟ್ಟಿ ವಿಲ್ಲೀಸಿನಲ್ಲಿ ದುಂಡಗಿನ ಕೊಳವೆಯಂತಿದ್ದರೆ ಫೋರ್ಡಿನಲ್ಲಿ ಬೋರಲು ಹಾಕಿದ ಚಾನೆಲ್. ಉಸ್ತಾದರು ಬೋಲ್ಟ್ ತೋರಿಸಿದ್ದು ನನ್ನ ಸಮಾಧಾನಕ್ಕೆ. ಅವರು ಕೆಳಗೆ ಬಗ್ಗಿ ಅಡ್ಡಪಟ್ಟಿಯನ್ನು ಮುಟ್ಟಿದಾಗಲೇ ಅವರಿಗೆ ವಿಷಯ ಗೊತ್ತಾಗಿತ್ತು.

ಇಂತಹ ಜೀಪು ಮಲೆನಾಡಿನ ತೋಟಕ್ಕೆ ಬಂದದ್ದು ಹೇಗೆ?

ಎರಡನೆಯ ಮಹಾಯುದ್ಧದಲ್ಲಿ 25 ಲಕ್ಷಕ್ಕೂ ಹೆಚ್ಚು ಭಾರತೀಯರು ಸೈನ್ಯದಲ್ಲಿದ್ದರು. ಜಪಾನೀಯರು ಬರ್ಮಾವನ್ನು ಹಿಡಿದ ಮೇಲೆ ಭಾರತವೇ ಮಿತ್ರಪಡೆಗಳ ದೊಡ್ಡ ಉಗ್ರಾಣವಾಯಿತು. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧ ವಿಮಾನಗಳ ರಿಪೇರಿ ನಡೆಯಿತು. ಹಡಗುಗಳಲ್ಲಿ ಬಂದಿಳಿದ ಜೀಪುಗಳು ಅಸ್ಸಾಮ್, ಮಣಿಪುರಗಳ ಕಡೆ ಸಾಗಿದವು. 1944ರಲ್ಲಿ ಕೊಹಿಮಾ, ಇಂಫಾಲಗಳಲ್ಲಿ ಲಾರಿ ಹತ್ತದ ಜಾಗಕ್ಕೆ ಮದ್ದುಗುಂಡು ಒಯ್ದದ್ದು, ಗಾಯಾಳುಗಳನ್ನು ಸ್ಟ್ರೆಚರ್ ಸಮೇತ ಇಳಿಸಿದ್ದು ಈ ಗಾಡಿಗಳೇ. ಉತ್ತರ ಬರ್ಮಾದಲ್ಲಿ ರೈಲು ಎಂಜಿನ್‌ಗಳು ನಾಶವಾಗಿದ್ದಾಗ ಜೀಪಿಗೆ ರೈಲಿನ ಚಕ್ರ ಜೋಡಿಸಿ, ಅದರಿಂದಲೇ ವ್ಯಾಗನ್‌ಗಳನ್ನು ಎಳೆಸಿದ್ದೂ ಉಂಟು.

ಯುದ್ಧ ಮುಗಿದಾಗ ಇವೆಲ್ಲವೂ ‘ಹೆಚ್ಚುವರಿ ಮಾಲು’ ಆದವು. ವಾಪಸು ಸಾಗಿಸುವ ಖರ್ಚಿಗಿಂತ ಇಲ್ಲೇ ಹರಾಜು ಹಾಕುವುದೇ ಲಾಭ. ಬಂಗಾಳದ ಪಾನಾಗಢದಂತಹ ಊರು ಮಿಲಿಟರಿ ಗುಜರಿಯಿಂದಲೇ ಹೆಸರಾಯಿತು. ನಮ್ಮ ಕಡೆ ಇವಕ್ಕೆ ‘ಡಿಸ್ಪೋಸಲ್ ಜೀಪು’ ಎಂಬ ಹೆಸರು ಬಿತ್ತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ತೋಟದವರಿಗೆ ಇಂತಹದೊಂದು ಗಾಡಿ ವರವಾಗಿ ಬಂತು. ಮಳೆಗಾಲದ ಕೆಸರು ದಾರಿಯಲ್ಲಿ ಎತ್ತಿನ ಗಾಡಿ ಬಿಟ್ಟರೆ ಅದುವರೆಗೆ ಬೇರೆ ಗತಿ ಇರಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ ಇದೇ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು ‘ಜೀಪ್ನಿ’ ಎಂಬ ಬಾಡಿಗೆ ಬಂಡಿಗಳನ್ನಾಗಿ ಮಾಡಿದರು. ಆ ಕೈಚಳಕ ಅಲ್ಲಿ ಎಷ್ಟು ಬೇರೂರಿತೆಂದರೆ, ಇಂದು ಅಮೆರಿಕ, ಯುರೋಪುಗಳ ಹವ್ಯಾಸಿಗಳು ತಮ್ಮ ಜೀಪಿಗೆ ಹೊಸ ಬಾಡಿ ಬೇಕಾದರೆ ಫಿಲಿಪ್ಪೀನ್ಸ್‌ನಿಂದಲೇ ತರಿಸುತ್ತಾರೆ.

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣಕ್ಕೂ ಹಳೆಯ ಜೀಪುಗಳೇ ಕಾರಣ ಎಂಬುದು ಇಲ್ಲಿ ನೆನಪಾಗುತ್ತದೆ. 1948ರಲ್ಲಿ ಕಾಶ್ಮೀರದ ಕಾಳಗಕ್ಕೆ ತುರ್ತಾಗಿ ಜೀಪು ಬೇಕಾದಾಗ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ರಿಪೇರಿ ಮಾಡಿದ ಹಳೆಯ ಜೀಪುಗಳಿಗಾಗಿ ವಿದೇಶಿ ಕಂಪೆನಿಯೊಂದರ ಜೊತೆ 80 ಲಕ್ಷ ರೂಪಾಯಿಯ ಕರಾರು ಮಾಡಿದರು. ಬಂದಿಳಿದದ್ದು 155. ಅವು ಬಳಕೆಗೆ ಯೋಗ್ಯವಲ್ಲವೆಂದು ಸೇನೆ ಹೇಳಿತು. 1955ರಲ್ಲಿ ಸರಕಾರ ಆ ಪ್ರಕರಣವನ್ನು ಮುಚ್ಚಿತು. ನಮ್ಮ ಗುಂಪಿನ ಹವಾಲ್ದಾರರು ಸೇನೆಯ ವಾಹನ ರಿಪೇರಿ ವಿಭಾಗವಾದ ಇ.ಎಂ.ಇ.ಯಲ್ಲಿ ಇಪ್ಪತ್ತು ವರ್ಷ ದುಡಿದವರು. “ಆ ಗಾಡಿಗಳನ್ನು ನಮ್ಮ ಭಾಯಿಯ ಕೈಗೆ ಕೊಟ್ಟಿದ್ದರೆ ಓಡಿಸಿ ತೋರಿಸುತ್ತಿದ್ದರು” ಎನ್ನುತ್ತಾರೆ. ತಮಾಷೆಯ ಮಾತು, ಆದರೆ ಪೂರ್ತಿ ಸುಳ್ಳಲ್ಲ.

ಈಗ ಇನ್ನೊಂದು ಹೆಸರಿನ ವಿಚಾರಕ್ಕೆ ಬರುತ್ತೇನೆ. ಗ್ಯಾರೇಜಿನಲ್ಲಿ ಚಹಾ ಕುಡಿಯುವಾಗ ಇದು ಎಷ್ಟು ಸಲ ಚರ್ಚೆಗೆ ಬಂದಿದೆಯೋ ಲೆಕ್ಕವಿಲ್ಲ.

ಭಾರತದಲ್ಲಿ ಜೀಪೆಂದರೆ ಮಹೀಂದ್ರ. ಆದರೆ 1945ರ ಅಕ್ಟೋಬರ್ 2ರಂದು ಆ ಕಂಪೆನಿ ಹುಟ್ಟಿದಾಗ ಅದರ ಹೆಸರು ‘ಮಹೀಂದ್ರ ಆಂಡ್ ಮುಹಮ್ಮದ್’. ಉಕ್ಕಿನ ವ್ಯಾಪಾರಕ್ಕಾಗಿ ಅದನ್ನು ಕಟ್ಟಿದವರು ಲುಧಿಯಾನದ ಸೋದರರಾದ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಮತ್ತು ಅವರ ಗೆಳೆಯ ಮಲಿಕ್ ಗುಲಾಮ್ ಮುಹಮ್ಮದ್. ಕೆ.ಸಿ. ಮಹೀಂದ್ರ ಯುದ್ಧಕಾಲದಲ್ಲಿ ವಾಷಿಂಗ್ಟನ್ನಿನ ಭಾರತೀಯ ಸರಬರಾಜು ಮಿಷನ್ನಿನ ಮುಖ್ಯಸ್ಥರಾಗಿದ್ದರು. ಗೋ-ಡೆವಿಲ್ ಎಂಜಿನ್ನಿನ ಬಾರ್ನಿ ರೂಸ್‌ನ ಪರಿಚಯ ಅವರಿಗೆ ಆದದ್ದು ಅಲ್ಲಿಯೇ. ಗುಲಾಮ್ ಮುಹಮ್ಮದ್ ಅಲಿಗಢದಲ್ಲಿ ಓದಿದವರು, ಲೆಕ್ಕಪತ್ರ ಇಲಾಖೆಯ ನುರಿತ ಅಧಿಕಾರಿ. 1940ರ ದಶಕದ ಮೊದಲ ಭಾಗದಲ್ಲಿ ಹೈದರಾಬಾದಿನ ನಿಜಾಮ ಸರಕಾರದ ಹಣಕಾಸು ಖಾತೆ ಅವರ ಕೈಯಲ್ಲಿತ್ತು. ಅಂದರೆ ಇಂದಿನ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳ ಕಂದಾಯದ ಲೆಕ್ಕವೂ ಅವರ ಮೇಜಿನ ಮೇಲೆ ಹಾದುಹೋಗುತ್ತಿತ್ತು.

1947ರಲ್ಲಿ ದೇಶ ಒಡೆಯಿತು. ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅದರ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಇಲ್ಲಿಯ ಕಂಪೆನಿ ‘ಮಹೀಂದ್ರ ಆಂಡ್ ಮಹೀಂದ್ರ’ ಆಯಿತು. ಮೊದಲೇ ಅಚ್ಚಾಗಿದ್ದ ಕಾಗದ ಪತ್ರಗಳಲ್ಲಿ ‘ಎಂ ಆಂಡ್ ಎಂ’ ಇದ್ದುದರಿಂದ ಅದನ್ನು ಬದಲಿಸುವ ಗೋಜಿಲ್ಲದೆ ಇನ್ನೊಂದು ಮಹೀಂದ್ರ ಸೇರಿತು ಎಂದೊಂದು ಕತೆ ಹೇಳುತ್ತಾರೆ. ವಿಭಜನೆಯ ಬಗ್ಗೆ ಬರೆದ ಪುಸ್ತಕಗಳಲ್ಲಿ ರಕ್ತ, ರೈಲು, ನಿರಾಶ್ರಿತರ ಶಿಬಿರಗಳ ವಿವರ ತುಂಬಾ ಇದೆ, ಇರಲೇಬೇಕು. ಆದರೆ ಒಂದು ಅಂಗಡಿಯ ಬೋರ್ಡಿನಲ್ಲಿ ಒಬ್ಬನ ಹೆಸರು ಇಳಿದು ಇನ್ನೊಬ್ಬನದೇ ಹೆಸರು ಎರಡು ಸಲ ಬಂದು ಕೂತದ್ದೂ ವಿಭಜನೆಯೇ. ಜಗಳವಿಲ್ಲದೆ, ಬೈಗುಳವಿಲ್ಲದೆ ನಡೆದದ್ದರಿಂದಲೇ ಅದು ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಗುಲಾಮ್ ಮುಹಮ್ಮದರನ್ನು ದೊಡ್ಡ ಮನುಷ್ಯರನ್ನಾಗಿ ಮಾಡುವ ಹಂಬಲ ನನಗಿಲ್ಲ. 1951ರಲ್ಲಿ ಗವರ್ನರ್ ಜನರಲ್ ಆದ ಮೇಲೆ ಅವರು ನಡೆದುಕೊಂಡ ರೀತಿ ಪಾಕಿಸ್ತಾನದ ಪ್ರಜಾಪ್ರಭುತ್ವಕ್ಕೆ ಕೊಟ್ಟ ಮೊದಲ ದೊಡ್ಡ ಪೆಟ್ಟು. 1953ರಲ್ಲಿ ಪ್ರಧಾನಿ ಖ್ವಾಜಾ ನಾಝಿಮುದ್ದೀನರನ್ನು ವಜಾ ಮಾಡಿದರು, 1954ರಲ್ಲಿ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಆ ದೇಶ ಅದರ ಬೆಲೆಯನ್ನು ದಶಕಗಟ್ಟಲೆ ತೆತ್ತಿತು. 1955ರ ಜನವರಿ 26ರಂದು ದೆಹಲಿಯ ರಾಜಪಥದಲ್ಲಿ ನಡೆದ ಗಣರಾಜ್ಯೋತ್ಸವ ಪರೇಡಿನ ಮುಖ್ಯ ಅತಿಥಿ ಇದೇ ಗುಲಾಮ್ ಮುಹಮ್ಮದ್. ಹತ್ತು ವರ್ಷಗಳ ಹಿಂದೆ ತಾನು ಪಾಲುದಾರನಾಗಿದ್ದ ಕಂಪೆನಿ ಅಷ್ಟರಲ್ಲಿ ಈ ದೇಶದಲ್ಲಿ ಜೀಪಿನ ಹೆಸರಾಗಿತ್ತು. ವೇದಿಕೆಯ ಮೇಲೆ ಕುಳಿತ ಆ ಮನುಷ್ಯನ ಮನಸ್ಸಿನಲ್ಲಿ ಏನು ಸುಳಿಯಿತೋ ಯಾರು ಬಲ್ಲರು.

ಆ ಹಳೆಯ ಹೆಸರಿನ ಫಲಕವಿರುವ ಜೀಪು ಎಲ್ಲಿಯಾದರೂ ಸಿಕ್ಕೀತೇ ಎಂದು ಗೌಡರು ಒಮ್ಮೆ ಆಸೆಯಿಂದ ಕೇಳಿದರು. ಸಿಗಲಾರದು. ಮುಂಬಯಿಯ ಮಝಗಾಂವ್‌ನಲ್ಲಿ ಬಿಡಿಭಾಗಗಳನ್ನು ಜೋಡಿಸಿ ಜೀಪು ಹೊರಬರತೊಡಗಿದ್ದು 1949ರಲ್ಲಿ. ಹೆಸರು ಅದಕ್ಕೆ ಒಂದು ವರ್ಷ ಮೊದಲೇ ಹೋಗಿತ್ತು.

ನಮ್ಮ ಜೀಪಿಗೆ ಹಿಂತಿರುಗೋಣ. ಅದರ ಹೊಟ್ಟೆಯೊಳಗೆ ಇದ್ದದ್ದು ಮೂಲ ಎಂಜಿನ್ ಅಲ್ಲ, ಮಟಾಡೋರ್ ವ್ಯಾನಿನ ಡೀಸೆಲ್ ಎಂಜಿನ್. ಪೆಟ್ರೋಲ್ ತುಟ್ಟಿಯಾದಾಗ ದಕ್ಷಿಣದ ತೋಟಗಳಲ್ಲಿ ಇದು ಮನೆ ಮನೆಯ ಕತೆ. ಹಿಂದಿನ ಆಕ್ಸಲ್ ಮಹೀಂದ್ರದ್ದು. ಆರು ವೋಲ್ಟಿನ ವೈರಿಂಗ್ ಕಿತ್ತು ಹನ್ನೆರಡು ವೋಲ್ಟಿನದು ಹಾಕಲಾಗಿತ್ತು. ನೆಲದ ತಗಡಿನ ಕೆಳಗೆ ಟೊಪ್ಪಿಯ ಆಕಾರದ ಉಕ್ಕಿನ ಪಟ್ಟಿಗಳಿರುತ್ತವೆ. ಕಾರ್ಖಾನೆಯಲ್ಲಿ ಅದರೊಳಗೆ ಮರದ ತುಂಡು ತುರುಕಿದ್ದರು. ಆ ಮರ ಮಲೆನಾಡಿನ ಮಳೆಯನ್ನೆಲ್ಲ ಕುಡಿದು, ಉಕ್ಕನ್ನು ಒಳಗಿನಿಂದಲೇ ತಿಂದುಹಾಕಿತ್ತು. ಹೊರಗಿನಿಂದ ನೋಡಿದರೆ ಗಟ್ಟಿ, ಬೆರಳಿಂದ ಒತ್ತಿದರೆ ಪುಡಿ. ಜೀಪು ಕೊಳ್ಳುವ ಹವ್ಯಾಸಿಗಳು ಮೊದಲು ಅಲ್ಲಿಯೇ ಕೈ ಹಾಕಿ ನೋಡಬೇಕು. ಬಣ್ಣ ನೋಡಿ ಮರುಳಾದವರು ಆಮೇಲೆ ಟಿಂಕರಿಂಗ್‌ನವರಿಗೆ ದುಡ್ಡು ಸುರಿಯುತ್ತಾರೆ.

ಇನ್ನೊಂದು ಎಚ್ಚರಿಕೆಯ ಮಾತು. ಯುದ್ಧಕಾಲದ ಜೀಪಿನ ಚಕ್ರದ ರಿಮ್ ಎರಡು ಹೋಳಾಗಿದ್ದು, ಸುತ್ತಲೂ ನಟ್ಟುಗಳಿಂದ ಬಿಗಿದಿರುತ್ತದೆ. ಟಯರಿನ ಗಾಳಿಯನ್ನು ಪೂರ್ತಿ ತೆಗೆಯದೆ ಆ ನಟ್ಟುಗಳನ್ನು ಬಿಚ್ಚಿದರೆ ರಿಮ್ಮು ಸಿಡಿದು ಮುಖಕ್ಕೆ ಹಾರುತ್ತದೆ. ಹೊಸಬರಿಗೆ ಉಸ್ತಾದರು ಕಲಿಸುವ ಮೊದಲ ಪಾಠ ಇದು. ಎರಡನೆಯದು, ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಅದರ ಜಾಗದ ಹೆಸರು ಬರೆದ ಡಬ್ಬಿಯಲ್ಲಿ ಹಾಕಿಡುವುದು.

ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಚೆನ್ನೈಯ ಪುದುಪೇಟೆ, ದೆಹಲಿಯ ಮಾಯಾಪುರಿ. ಹಳೆಯ ಗಾಡಿಗಳ ಹವ್ಯಾಸಿಗಳು ಯಾವುದೋ ಒಂದು ದಿನ ಈ ಬೀದಿಗಳಿಗೆ ಬರಲೇಬೇಕು. ಈ ಅಂಗಡಿಗಳಲ್ಲೂ ಗ್ಯಾರೇಜುಗಳಲ್ಲೂ ದುಡಿಯುವವರಲ್ಲಿ ಮುಸ್ಲಿಮರು ಬಹಳ. ಶಾಲೆಯನ್ನು ಏಳನೆಯ ತರಗತಿಗೆ ಬಿಟ್ಟು ಪಾನಾ ಹಿಡಿದ ಹುಡುಗರು ನಲವತ್ತು ವರ್ಷಗಳಲ್ಲಿ ಕಿವಿಯಿಂದಲೇ ಟ್ಯಾಪೆಟ್ ಸೆಟ್ ಮಾಡುವ ಉಸ್ತಾದರಾಗುತ್ತಾರೆ. ಪ್ರದರ್ಶನದಲ್ಲಿ ಗಾಡಿಯ ಪಕ್ಕದ ಫಲಕದಲ್ಲಿ ಮಾಲೀಕರ ಹೆಸರಿರುತ್ತದೆ, ತಯಾರಾದ ವರ್ಷವಿರುತ್ತದೆ. ಎಂಜಿನ್ ಎಬ್ಬಿಸಿ ನಿಲ್ಲಿಸಿದವರ ಹೆಸರು ನಾನು ನೋಡಿದ ಫಲಕಗಳಲ್ಲಿ ಇರಲಿಲ್ಲ. ನಮ್ಮ ಸಮುದಾಯವೂ ಈ ವಿದ್ಯೆಯನ್ನು ವಿದ್ಯೆಯೆಂದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಡಾಕ್ಟರ್, ಎಂಜಿನಿಯರ್ ಆದವರಿಗೆ ಸನ್ಮಾನ ಮಾಡುತ್ತೇವೆ. ಲೇತಿನ ಮುಂದೆ ನಿಂತು, ಎಲ್ಲೂ ಸಿಗದ ಒಂದು ಬುಶ್ ಅನ್ನು ಅಳತೆಗೆ ಸರಿಯಾಗಿ ಕಡೆದು ಕೊಟ್ಟವನಿಗೆ ಯಾವ ಶಾಲು ಹೊದಿಸಿದ್ದೇವೆ?

ಗೋ-ಡೆವಿಲ್ ಎಂಜಿನ್ ಹುಡುಕುವುದಕ್ಕೆ ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ಕೋಲಾರದ ಕಡೆ, ಬಾವಿಯಿಂದ ನೀರೆತ್ತಲು ಯಾರೋ ಪಂಪಿಗೆ ಜೋಡಿಸಿ ಆಮೇಲೆ ಕೈಬಿಟ್ಟಿದ್ದ ಒಂದು ಸಿಕ್ಕಿತು. ಅದು ಫೋರ್ಡಿನದಲ್ಲ, ವಿಲ್ಲೀಸಿನದು. ಎರಡರ ನಕ್ಷೆಯೂ ಒಂದೇ ಆದ್ದರಿಂದ ಫೋರ್ಡ್ ಚಾಸಿಸ್ಸಿನಲ್ಲಿ ಅದು ತಕರಾರಿಲ್ಲದೆ ಕೂತಿತು. ಆದರೆ ಗುಂಪಿನಲ್ಲಿ ತಕರಾರು ಎದ್ದಿತು. ಮುದ್ರಣಾಲಯ ನಡೆಸುವ ನಮ್ಮ ನಾಲ್ಕನೆಯ ಗೆಳೆಯರು ಶುದ್ಧತಾವಾದಿ. ಫೋರ್ಡ್ ಎಂಜಿನ್ ಸಿಗುವವರೆಗೆ ಗಾಡಿ ಹಾಗೆಯೇ ಇರಲಿ ಎಂದರು. ಸೈನ್ಯದ ವರ್ಕ್‌ಶಾಪಿನಲ್ಲಿ ಎರಡು ಕೆಟ್ಟ ಗಾಡಿಗಳಿಂದ ಒಂದು ಓಡುವ ಗಾಡಿ ಮಾಡುವುದೇ ಕ್ರಮ ಎಂಬುದು ಹವಾಲ್ದಾರರ ವಾದ. ಯುದ್ಧಭೂಮಿಯಲ್ಲಿ ಯಾರೂ ಬೋಲ್ಟಿನ ಅಕ್ಷರ ನೋಡುತ್ತಾ ಕೂರಲಿಲ್ಲ ಎಂದು ಅವರು ಹೇಳಿದ್ದು ಸರಿಯೆಂದೇ ನನಗೆ ಕಾಣುತ್ತದೆ. 1944ರಲ್ಲಿಯೇ ಅರ್ಧ ಫೋರ್ಡ್, ಅರ್ಧ ವಿಲ್ಲೀಸ್ ಆದ ಜೀಪುಗಳು ಓಡಾಡುತ್ತಿದ್ದವು. ಕಲಬೆರಕೆ ಆಮೇಲೆ ಬಂದ ದೋಷವಲ್ಲ, ಅದೇ ಜೀಪಿನ ಅಸಲು ಸ್ಥಿತಿ.

ಕಾನೂನು ಮಾತ್ರ ಶುದ್ಧತಾವಾದಿಗಳ ಪಕ್ಷ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಇರಬಾರದು. ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ಸಂಶೋಧನೆಗಳಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ತೋಟದಲ್ಲಿ ಎಪ್ಪತ್ತು ವರ್ಷ ದುಡಿದ ಗಾಡಿಗೆ ‘ಬದಲಾವಣೆ’ ಎಂಬುದೇ ಆಯಸ್ಸು. ಬದಲಾಗದಿದ್ದರೆ ಅದು ಎಂದೋ ಗುಜರಿಗೆ ಹೋಗುತ್ತಿತ್ತು. ಬಣ್ಣದ ವಿಚಾರ ಇನ್ನೂ ಸ್ವಾರಸ್ಯಕರ. ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಯುರೋಪಿನ ಹವ್ಯಾಸಿಗಳು ಯುದ್ಧಕಾಲದ ಹಸಿರಿನ ಸರಿಯಾದ ಛಾಯೆಗಾಗಿ ವರ್ಷಗಟ್ಟಲೆ ವಾದ ಮಾಡುತ್ತಾರೆ. ನಮ್ಮಲ್ಲಿ ಮಿಲಿಟರಿ ಜೀಪಿಗೆ ಮಿಲಿಟರಿ ಬಣ್ಣವೇ ನಿಷಿದ್ಧ.

ಕಳೆದ ಗಣರಾಜ್ಯೋತ್ಸವದ ರ‍್ಯಾಲಿಗೆ ಮುನ್ನ ಗುಂಪಿನಲ್ಲಿ ನಡೆದ ಇನ್ನೊಂದು ವಾದವನ್ನು ಹೇಳಲೇಬೇಕು. ಜೀಪಿನ ಮೇಲೆ ಮರದ ನಕಲಿ ತೋಪು ಕೂರಿಸಿ, ‘ವೀರ್ ಅಬ್ದುಲ್ ಹಮೀದ್’ ಎಂದು ಬರೆದು ಹೊರಡಿಸೋಣವೆಂದು ಮುದ್ರಣಾಲಯದ ಗೆಳೆಯರು ಸೂಚಿಸಿದರು. ಅವರು ಹಿಂದೂ, ಅವರ ಮನಸ್ಸಿನಲ್ಲಿದ್ದದ್ದು ಗೌರವವೇ. ಉಸ್ತಾದರಿಗೂ ಉತ್ಸಾಹ ಬಂತು.

ಉತ್ತರ ಪ್ರದೇಶದ ಗಾಝೀಪುರ ಜಿಲ್ಲೆಯ ಧಾಮೂಪುರದ ದರ್ಜಿಯೊಬ್ಬರ ಮಗ ಅಬ್ದುಲ್ ಹಮೀದ್. 1954ರ ಡಿಸೆಂಬರಿನಲ್ಲಿ ಸೇನೆ ಸೇರಿ ನಾಲ್ಕನೆಯ ಗ್ರೆನೇಡಿಯರ್ಸ್‌ನಲ್ಲಿದ್ದರು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರದಲ್ಲಿ ಪ್ಯಾಟನ್ ಟ್ಯಾಂಕುಗಳು ನುಗ್ಗಿದಾಗ ಅವರ ಹುದ್ದೆ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್, ಅಂದರೆ ಉಗ್ರಾಣ, ಪಡಿತರಗಳ ಹೊಣೆ. ಆದರೆ 106 ಮಿಲಿಮೀಟರಿನ ರಿಕಾಯಿಲ್‌ಲೆಸ್ ತೋಪಿನ ಗುರಿಯಲ್ಲಿ ಪಳಗಿದವರಾದ್ದರಿಂದ ಜೀಪಿನ ಮೇಲೆ ಹೊತ್ತ ಆ ತೋಪುಗಳ ಮುಂದಾಳತ್ವ ಅವರಿಗೆ ಬಂತು. ಈ ತೋಪಿನ ತೂಕ ಸುಮಾರು 200 ಕಿಲೊ. ಗುಂಡು ಹಾರಿದಾಗ ಅದರ ಬೆಂಕಿ ಹಿಂದಿನಿಂದ ಹೊರಬರುತ್ತದೆ, ಧೂಳು ಎದ್ದು ಜಾಗ ಶತ್ರುವಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಹೊಡೆದ ಕೂಡಲೇ ಜಾಗ ಬದಲಿಸಬೇಕು. ಉಕ್ಕಿನ ಟ್ಯಾಂಕಿನ ಎದುರು ಜೀಪಿನವನಿಗೆ ತಗಡಿನ ಮರೆ ಕೂಡ ಇಲ್ಲ, ಇರುವುದು ಓಟ ಮಾತ್ರ. ಕಬ್ಬಿನ ಗದ್ದೆಗಳ ಮರೆಯಲ್ಲಿ ಜಾಗದಿಂದ ಜಾಗಕ್ಕೆ ಸರಿಯುತ್ತಾ ಅವರು ಒಂದರ ಹಿಂದೊಂದು ಟ್ಯಾಂಕುಗಳನ್ನು ಕೆಡವಿದರು. ಸೆಪ್ಟೆಂಬರ್ 10ರಂದು ಇನ್ನೊಂದು ಟ್ಯಾಂಕಿಗೆ ಗುರಿಯಿಡುತ್ತಿದ್ದಾಗ ಶೆಲ್ ಬಡಿದು ಹುತಾತ್ಮರಾದರು. ಅವರಿಗೆ ಸಂದ ಪರಮವೀರ ಚಕ್ರವನ್ನು ಪತ್ನಿ ರಸೂಲನ್ ಬೀಬಿ ಸ್ವೀಕರಿಸಿದರು. 2000ದ ಜನವರಿಯಲ್ಲಿ ಹೊರಬಂದ ಮೂರು ರೂಪಾಯಿಯ ಅಂಚೆಚೀಟಿಯಲ್ಲಿ ಹಮೀದರ ಮುಖದ ಜೊತೆ ಆ ತೋಪಿನ ಜೀಪಿನ ಚಿತ್ರವೂ ಇದೆ.

ಹವಾಲ್ದಾರರು ಬೇಡವೆಂದರು. 1943ರ ಗಾಡಿಯನ್ನು 1965ರದ್ದೆಂದು ತೋರಿಸುವುದು ಸುಳ್ಳು, ಮರದ ತೋಪು ಆಟಿಕೆ, ಆ ಮನುಷ್ಯನ ಹೆಸರಿನಲ್ಲಿ ಆಟ ಬೇಡ ಎಂಬುದು ಅವರ ಮಾತು. ನಾನೂ ಬೇಡವೆಂದೆ, ಆದರೆ ನನ್ನ ಕಾರಣ ಬೇರೆಯದು. ಪ್ರತಿ ಸಲ ನಮ್ಮ ದೇಶಪ್ರೇಮಕ್ಕೆ ಸಾಕ್ಷಿ ಕೇಳಿದಾಗಲೆಲ್ಲ ನಾವು ಅಬ್ದುಲ್ ಹಮೀದರ ಫೋಟೊವನ್ನು ಗುರುತಿನ ಚೀಟಿಯಂತೆ ಜೇಬಿನಿಂದ ತೆಗೆದು ತೋರಿಸುತ್ತೇವೆ. ಅವರು ಕಬ್ಬಿನ ಗದ್ದೆಯಲ್ಲಿ ನಿಂತದ್ದು ನಮ್ಮ ಪರವಾಗಿ ಸರ್ಟಿಫಿಕೇಟ್ ಕೊಡಲಿಕ್ಕಲ್ಲ. ಅವರನ್ನು ಒಬ್ಬ ನುರಿತ ಗುರಿಕಾರನಾಗಿ, ಕೆಲಸ ಬಲ್ಲ ಹವಾಲ್ದಾರನಾಗಿ ನೆನೆಯುವುದು ಬೇರೆ, ನಮ್ಮ ಗುರಾಣಿಯನ್ನಾಗಿ ಹಿಡಿಯುವುದು ಬೇರೆ. ಇದನ್ನು ನಾನು ಹೇಳಿದಾಗ ಉಸ್ತಾದರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ನಿಮ್ಮ ಹತ್ತಿರ ಯಾರೂ ಸಾಕ್ಷಿ ಕೇಳೋದಿಲ್ಲ. ನನ್ನ ಮಗನ ಹತ್ತಿರ ಕೇಳ್ತಾರೆ” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ತೋಪಿಲ್ಲದೆಯೇ ಹೊರಟೆವು. ಮುಂದಿನ ಸೀಟಿನಲ್ಲಿ ಹವಾಲ್ದಾರರ ಪಕ್ಕ ಕುಳಿತದ್ದು ಉಸ್ತಾದರ ಮಗ.

ಈಗ ಜೀಪು ಬೂದು ಬಣ್ಣದಲ್ಲಿದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಒಳಬದಿಯಲ್ಲಿ ಅಂಗೈ ಅಗಲದ ಜಾಗವನ್ನು ಮಾತ್ರ ಉಜ್ಜದೆ ಬಿಟ್ಟಿದ್ದೇವೆ. ಅಲ್ಲಿ ಗೌಡರ ತಂದೆ ಬಳಿಸಿದ ನೀಲಿ, ಅದರಡಿ ಒಂದು ಬಿಳಿ, ಎಲ್ಲಕ್ಕಿಂತ ಕೆಳಗೆ ಸೈನ್ಯದ ಹಸಿರು ಪದರ ಪದರವಾಗಿ ಕಾಣುತ್ತದೆ. ಪ್ರದರ್ಶನದ ಫಲಕದಲ್ಲಿ ಗ್ಯಾರೇಜಿನವರ ಹೆಸರುಗಳೂ ಇವೆ. ಆರ್.ಸಿ.ಯಲ್ಲಿ ತಯಾರಕರ ಹೆಸರು ತಿದ್ದಿಸಲು ಅರ್ಜಿ ಹಾಕಿದೆವು. ಗುಮಾಸ್ತರು ಫೋರ್ಡ್ ಎಂಬುದಕ್ಕೆ ದಾಖಲೆ ಕೇಳಿದರು. ಉಸ್ತಾದರು ಜೇಬಿನಿಂದ ಬೋಲ್ಟ್ ತೆಗೆದು ಮೇಜಿನ ಮೇಲಿಟ್ಟರು. ಗುಮಾಸ್ತರು ಅದನ್ನು ತಿರುಗಿಸಿ ನೋಡಿ, ಇದನ್ನು ಫೈಲಿಗೆ ಹೇಗೆ ಸೇರಿಸುವುದು ಎಂದು ಕೇಳಿ ನಕ್ಕರು. ಅರ್ಜಿ ಅಲ್ಲಿಯೇ ಇದೆ, ಪುಸ್ತಕದಲ್ಲಿ ಇನ್ನೂ ವಿಲ್ಲೀಸ್ ಎಂದೇ ಇದೆ.